ಸುರುಳಿಗೆ ಹೆಸರಿಟ್ಟ ಆಂಪಿಯರ್

ವಿಜ್ಞಾನಿ ಪರಿಚಯ – ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಿಂದ



ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ದಿನಕ್ಕೆ ಹತ್ತು ಸಲವಾದರೂ ಬರೆಯುವ ಹೆಸರೊಂದಿದೆ: ಆಂಪಿಯರ್. ಅಮ್ಮೀಟರಿನ ಮುಳ್ಳು ಎಲ್ಲಿ ನಿಂತಿತೆಂದು ನೋಡಿ ಅಂಕಿ ಬರೆಯುತ್ತೇವೆ, ಪಕ್ಕದಲ್ಲಿ ಎ ಎಂಬ ಅಕ್ಷರ ಹಾಕುತ್ತೇವೆ, ಮುಂದೆ ಹೋಗುತ್ತೇವೆ. ನಮ್ಮ ಮನೆಯ ಗೋಡೆಯ ಮೇಲಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಮೀಟರಿನಲ್ಲೂ ಅದೇ ಅಕ್ಷರವಿದೆ. ಆ ಅಕ್ಷರದ ಹಿಂದೆ ಒಬ್ಬ ಮನುಷ್ಯ ಇದ್ದರು, ಅವರಿಗೂ ತಂದೆ, ಹೆಂಡತಿ, ಮಕ್ಕಳು ಇದ್ದರು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನನ್ನ ಅಣ್ಣನ ಬೈಕು.

ಕಳೆದ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ರಾತ್ರಿ ಅಣ್ಣ ಕೆಲಸ ಮುಗಿಸಿ ಸಂಕೇಶ್ವರಕ್ಕೆ ಮರಳುತ್ತಿದ್ದ. ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆಲ್ಲ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಅಣ್ಣನಿಗೆ ಮುಂದಿನ ಕಬ್ಬಿನ ರಾಶಿ ಕಂಡಾಗ ಬಹಳ ಹತ್ತಿರ ಬಂದಿದ್ದ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ. ಚಕ್ರ ಗಕ್ಕನೆ ನಿಂತಿತು, ಆದರೆ ಬೈಕು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಬಿತ್ತು. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಭುಜದ ಎಲುಬು ಮುರಿದು ಎರಡು ತಿಂಗಳು ಮನೆಯಲ್ಲಿ ಕುಳಿತ. ಆ ಎರಡು ತಿಂಗಳು ಅಮ್ಮಿ ಸರಿಯಾಗಿ ಮಲಗಿದ್ದನ್ನು ನಾನು ನೋಡಲಿಲ್ಲ.

ನಮ್ಮ ಚಾಚಾ ಹೆದ್ದಾರಿಯ ಪಕ್ಕದಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಒಂದು ದಿನ ಅವರಿಗೆ ಊಟದ ಡಬ್ಬಿ ಕೊಡಲು ಹೋದಾಗ ಮೇಜಿನ ಮೇಲೆ ಕೈಯಷ್ಟು ದೊಡ್ಡದಾದ ಒಂದು ಅಲ್ಯುಮಿನಿಯಂ ಗಟ್ಟಿ ಬಿಚ್ಚಿ ಬಿದ್ದಿತ್ತು. ಅದು ಎಬಿಎಸ್ ಇರುವ ಬೈಕಿನ ಹಾಳಾದ ಭಾಗ. ಅಣ್ಣನ ಹಳೆಯ ಬೈಕಿನಲ್ಲಿ ಇದು ಇರಲಿಲ್ಲ, ಇದ್ದಿದ್ದರೆ ಚಕ್ರ ಹಾಗೆ ಲಾಕ್ ಆಗುತ್ತಿರಲಿಲ್ಲ ಎಂದು ಚಾಚಾ ಹೇಳಿದರು. ಒಳಗೆ ಏನಿದೆ ಎಂದು ಕೇಳಿದೆ. ಬೆರಳಿನ ತುದಿಯಷ್ಟು ದಪ್ಪದ ತಾಮ್ರದ ತಂತಿಯ ಸುರುಳಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಇದೇ ಸೊಲೆನಾಯ್ಡ್ ಎಂದರು. ಅದೇ ವಾರ ನಾವು ತರಗತಿಯಲ್ಲಿ ಸೊಲೆನಾಯ್ಡಿನ ಸೂತ್ರವನ್ನು ಬಿಡಿಸಿದ್ದೆವು. ಮರುದಿನ ನಮ್ಮ ಸರ್ ಅವರಿಗೆ ಹೇಳಿದಾಗ, ಆ ಹೆಸರನ್ನು ಇಟ್ಟವರೇ ಆಂಪಿಯರ್, ಅವರ ಜೀವನವನ್ನೇ ಈ ಸಲದ ಸಂಚಿಕೆಗೆ ಬರೆ ಎಂದರು. ಓದುತ್ತಾ ಹೋದಂತೆ ನನಗೆ ಸೂತ್ರಕ್ಕಿಂತ ಆ ಮನುಷ್ಯರೇ ಹೆಚ್ಚು ಮನಸ್ಸಿನಲ್ಲಿ ಉಳಿದರು.

ಶಾಲೆಗೆ ಹೋಗದ ಹುಡುಗ

ಆಂದ್ರೆ ಮರಿ ಆಂಪಿಯರ್ 1775ರ ಜನವರಿ 20ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಜಾಕ್ ಆಂಪಿಯರ್ ರೇಷ್ಮೆ ವ್ಯಾಪಾರಿ. ಲಿಯೋನ್ ಸಮೀಪದ ಪೋಲೆಮಿಯೂ ಎಂಬ ಹಳ್ಳಿಯಲ್ಲಿ ಅವರಿಗೆ ಮನೆಯಿತ್ತು, ಹುಡುಗ ಬೆಳೆದದ್ದು ಅಲ್ಲಿಯೇ. ತಂದೆಗೆ ರೂಸೋ ಎಂಬ ಚಿಂತಕರ ವಿಚಾರಗಳ ಮೇಲೆ ಬಹಳ ನಂಬಿಕೆ. ಮಕ್ಕಳನ್ನು ಒತ್ತಾಯದಿಂದ ಕಲಿಸಬಾರದು, ಅವರ ಆಸಕ್ತಿಯನ್ನು ಬೆಳೆಯಲು ಬಿಡಬೇಕು ಎಂದು ಅವರು ಮಗನನ್ನು ಶಾಲೆಗೆ ಕಳಿಸಲಿಲ್ಲ. ಮನೆಯ ಗ್ರಂಥಾಲಯದ ಬಾಗಿಲನ್ನು ಮಾತ್ರ ತೆರೆದಿಟ್ಟರು.

ಹುಡುಗ ಸಿಕ್ಕಿದ್ದನ್ನೆಲ್ಲ ಓದಿದ. ಆ ಕಾಲದ ಪ್ರಸಿದ್ಧ ಫ್ರೆಂಚ್ ವಿಶ್ವಕೋಶದ ಸಂಪುಟಗಳನ್ನು ಓದಿ, ವಯಸ್ಸಾದ ಮೇಲೂ ಅದರ ಭಾಗಗಳನ್ನು ಬಾಯಿಪಾಠ ಹೇಳುತ್ತಿದ್ದರಂತೆ. ಗಣಿತದಲ್ಲಿ ಮುಂದೆ ಹೋಗಬೇಕೆಂದರೆ ಆಯ್ಲರ್ ಮತ್ತು ಬರ್ನೌಲಿ ಅವರ ಪುಸ್ತಕಗಳನ್ನು ಓದಬೇಕಿತ್ತು. ಅವು ಲ್ಯಾಟಿನ್ ಭಾಷೆಯಲ್ಲಿದ್ದವು. ಗಣಿತಕ್ಕಾಗಿಯೇ ಆ ಹುಡುಗ ಲ್ಯಾಟಿನ್ ಕಲಿತ. ಇಂಗ್ಲಿಷ್ ಪಠ್ಯಪುಸ್ತಕ ಕಷ್ಟ ಎಂದು ವಿಜ್ಞಾನ ವಿಭಾಗವನ್ನೇ ಬಿಡಲು ಯೋಚಿಸುವ ನನ್ನಂಥವರು ಇದನ್ನು ನೆನಪಿಡಬೇಕು. ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ನಾನೂ ಹಾಗೆ ಯೋಚಿಸಿದ್ದೆ.

ದುಃಖದ ವರ್ಷಗಳು

1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಅವರ ತಂದೆ ಲಿಯೋನಿನಲ್ಲಿ ನ್ಯಾಯಾಧೀಶರ ಹುದ್ದೆಯನ್ನು ವಹಿಸಿಕೊಂಡಿದ್ದರು. 1793ರಲ್ಲಿ ಲಿಯೋನ್ ನಗರ ಪ್ಯಾರಿಸಿನ ಕ್ರಾಂತಿ ಸರ್ಕಾರದ ವಿರುದ್ಧ ಎದ್ದಿತು, ಸೋತಿತು. ಆ ವರ್ಷದ ನವೆಂಬರಿನಲ್ಲಿ ತಂದೆಯನ್ನು ಗಿಲೊಟಿನ್ ಯಂತ್ರಕ್ಕೆ ಒಡ್ಡಿ ತಲೆ ಕಡಿಯಲಾಯಿತು. ಮಗನಿಗೆ ಆಗ 18 ವರ್ಷ, ಈಗ ನಮಗಿರುವ ವಯಸ್ಸು. ಅದಕ್ಕೆ ಒಂದು ವರ್ಷ ಮೊದಲು ಅಕ್ಕನೂ ತೀರಿಕೊಂಡಿದ್ದರು. ತಂದೆಯೇ ಗುರುವಾಗಿದ್ದ ಆ ಹುಡುಗ ಸುಮಾರು ಒಂದು ವರ್ಷ ಪುಸ್ತಕ ಮುಟ್ಟಲಿಲ್ಲ, ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅವರನ್ನು ಮತ್ತೆ ಓದಿನ ಕಡೆಗೆ ತಂದದ್ದು ಸಸ್ಯಶಾಸ್ತ್ರ. ಹೊಲ, ಗುಡ್ಡಗಳಲ್ಲಿ ಗಿಡಗಳನ್ನು ನೋಡುತ್ತಾ ತಿರುಗಾಡುವುದರಿಂದ ಮನಸ್ಸು ನಿಧಾನಕ್ಕೆ ಎಚ್ಚರವಾಯಿತು.

1799ರಲ್ಲಿ ಅವರು ಜೂಲಿ ಕಾರೋನ್ ಎಂಬುವರನ್ನು ಮದುವೆಯಾದರು. ಮರುವರ್ಷ ಮಗ ಹುಟ್ಟಿದ. ಅವನಿಗೆ ತಮ್ಮ ತಂದೆಯ ಹೆಸರನ್ನೇ ಇಟ್ಟರು. ಮನೆ ನಡೆಸಲು ಗಣಿತದ ಟ್ಯೂಷನ್ ಹೇಳುತ್ತಿದ್ದರು. 1802ರಲ್ಲಿ ಬೂರ್ಗ್ ಎಂಬ ಊರಿನ ಶಾಲೆಯಲ್ಲಿ ಭೌತ ಮತ್ತು ರಸಾಯನಶಾಸ್ತ್ರದ ಅಧ್ಯಾಪಕರ ಕೆಲಸ ಸಿಕ್ಕಿತು. ಆದರೆ ಜೂಲಿ ಕಾಯಿಲೆಯಲ್ಲಿದ್ದರು, ಪ್ರಯಾಣ ಮಾಡುವ ಹಾಗಿರಲಿಲ್ಲ. ಹೆಂಡತಿ, ಮಗುವನ್ನು ಲಿಯೋನಿನಲ್ಲಿ ಬಿಟ್ಟು ಆಂಪಿಯರ್ ಒಬ್ಬರೇ ಹೋದರು. ಅಲ್ಲಿದ್ದಾಗಲೇ ಜೂಜಾಟದ ಗಣಿತದ ಮೇಲೆ ಒಂದು ಪ್ರಬಂಧ ಪ್ರಕಟಿಸಿ ವಿದ್ವಾಂಸರ ಗಮನ ಸೆಳೆದರು. ಮರುವರ್ಷ ಲಿಯೋನಿನಲ್ಲೇ ಕೆಲಸ ಸಿಕ್ಕಿತು. ಸಂಸಾರ ಒಂದೇ ಕಡೆ ಸೇರುವ ಹೊತ್ತಿಗೆ, 1803ರ ಜುಲೈಯಲ್ಲಿ, ಜೂಲಿ ತೀರಿಕೊಂಡರು.

ಹೊಟ್ಟೆಪಾಡಿಗಾಗಿ ಮನೆಯವರನ್ನು ಬಿಟ್ಟು ದೂರ ದುಡಿಯುವುದು ಎಂದರೇನು ಎಂಬುದು ನಮ್ಮೂರಿನ ಅನೇಕ ಮನೆಗಳಿಗೆ ಗೊತ್ತಿರುವ ಸಂಗತಿ. ಪುಣೆಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ತಂದೆಯ ಫೋನಿಗಾಗಿ ಕಾಯುವವರು ನಮ್ಮ ತರಗತಿಯಲ್ಲೇ ಇದ್ದಾರೆ. ಆಂಪಿಯರ್ ಅವರ ಕಾಲದಲ್ಲಿ ಫೋನೂ ಇರಲಿಲ್ಲ, ಪತ್ರವೇ ಗತಿ.

ಅವರು ಲಿಯೋನ್ ಬಿಟ್ಟು ಪ್ಯಾರಿಸಿಗೆ ಹೋದರು. ಅಲ್ಲಿನ ಪ್ರಸಿದ್ಧ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸಹಾಯಕರಾಗಿ ಸೇರಿ, 1809ರಲ್ಲಿ ಪ್ರಾಧ್ಯಾಪಕರಾದರು. 1814ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ನಾವು ರಸಾಯನಶಾಸ್ತ್ರದಲ್ಲಿ ಓದುವ ಫ್ಲೋರಿನ್ ಎಂಬ ಹೆಸರನ್ನು ಇಂಗ್ಲೆಂಡಿನ ಹಂಫ್ರಿ ಡೇವಿ ಅವರಿಗೆ ಸೂಚಿಸಿದವರೂ ಇವರೇ. ಹೊರಗೆ ಕೀರ್ತಿ ಬಂದರೂ ಮನೆಯಲ್ಲಿ ಸುಖವಿರಲಿಲ್ಲ. 1806ರಲ್ಲಿ ಆದ ಎರಡನೇ ಮದುವೆ ಬೇಗನೆ ಮುರಿದುಬಿತ್ತು. ಆ ಮದುವೆಯಿಂದ ಹುಟ್ಟಿದ ಮಗಳು ತಂದೆಯ ಬಳಿಯೇ ಬೆಳೆದಳು.

1820ರ ಸೆಪ್ಟೆಂಬರ್

ಅವರ ಹೆಸರು ಇಂದು ನಮ್ಮ ಮೀಟರಿನ ಮೇಲೆ ಇರುವುದಕ್ಕೆ ಕಾರಣ 1820ರ ಕೆಲವೇ ವಾರಗಳು. ಆ ವರ್ಷ ಜುಲೈಯಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅವರು ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಪ್ರಕಟಿಸಿದರು. ಅಲ್ಲಿಯವರೆಗೆ ವಿದ್ಯುತ್ತು ಬೇರೆ, ಕಾಂತ ಬೇರೆ ಎಂದೇ ಹೆಚ್ಚಿನವರು ತಿಳಿದಿದ್ದರು. ಸೆಪ್ಟೆಂಬರ್ 11ರಂದು ಅರಾಗೋ ಎಂಬ ವಿಜ್ಞಾನಿ ಈ ಪ್ರಯೋಗವನ್ನು ಪ್ಯಾರಿಸಿನ ಅಕಾಡೆಮಿಯಲ್ಲಿ ಮಾಡಿ ತೋರಿಸಿದರು. ನೋಡಿದವರಲ್ಲಿ ಆಂಪಿಯರ್ ಇದ್ದರು. ಅವರಿಗೆ ಆಗ 45 ವರ್ಷ. ವಿದ್ಯುತ್ತಿನ ಮೇಲೆ ಅದುವರೆಗೆ ಅವರು ಹೆಸರಿಸುವಂಥ ಸಂಶೋಧನೆ ಮಾಡಿದವರಲ್ಲ.

ಒಂದೇ ವಾರದ ನಂತರ, ಸೆಪ್ಟೆಂಬರ್ 18ರಂದು, ಅವರು ಅದೇ ಅಕಾಡೆಮಿಯ ಮುಂದೆ ತಮ್ಮ ಮೊದಲ ಲೇಖನ ಓದಿದರು. 25ರಂದು ಮತ್ತೊಂದು. ಎರಡು ತಂತಿಗಳನ್ನು ಸಮಾಂತರವಾಗಿ ಇಟ್ಟು ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿಸಿದರೆ ಅವು ಪರಸ್ಪರ ಆಕರ್ಷಿಸುತ್ತವೆ, ವಿರುದ್ಧ ದಿಕ್ಕಿನಲ್ಲಿ ಹರಿಸಿದರೆ ವಿಕರ್ಷಿಸುತ್ತವೆ ಎಂದು ತೋರಿಸಿದರು. ಅಲ್ಲಿ ಯಾವ ಕಾಂತವೂ ಇರಲಿಲ್ಲ, ಬರೀ ತಂತಿ. ಹಾಗಾದರೆ ಕಾಂತವೆಂಬುದೇ ವಿದ್ಯುತ್ತಿನ ಹರಿವಿನಿಂದ ಆದದ್ದು ಎಂದು ಅವರು ತರ್ಕಿಸಿದರು. ಕಬ್ಬಿಣದ ಕಾಂತದ ಕಣಗಳ ಒಳಗೂ ಸೂಕ್ಷ್ಮ ಪ್ರವಾಹಗಳು ಸುತ್ತುತ್ತಿರಬೇಕು ಎಂದರು. ಎಲೆಕ್ಟ್ರಾನಿನ ಶೋಧವಾದದ್ದು 1897ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ದೂರದ ನೋಟ ಎಂದು ತಿಳಿಯುತ್ತದೆ.

ಇದನ್ನು ಪರೀಕ್ಷಿಸಲು ಅವರು ತಂತಿಯನ್ನು ಸುರುಳಿಯಾಗಿ ಸುತ್ತಿದರು. ವಿದ್ಯುತ್ ಹರಿದಾಗ ಆ ಸುರುಳಿ ದಂಡಕಾಂತದ ಹಾಗೆಯೇ ವರ್ತಿಸಿತು. ಒಂದು ತುದಿ ಉತ್ತರ, ಇನ್ನೊಂದು ದಕ್ಷಿಣ. ಗ್ರೀಕ್ ಭಾಷೆಯಲ್ಲಿ ಕೊಳವೆ ಎಂಬ ಅರ್ಥದ ಪದದಿಂದ ಅವರು ಇದಕ್ಕೆ ಸೊಲೆನಾಯ್ಡ್ ಎಂದು ಹೆಸರಿಟ್ಟರು. ಮುಂದಿನ ಆರು ವರ್ಷ ಪ್ರಯೋಗ ಮತ್ತು ಗಣಿತ ಎರಡನ್ನೂ ಸೇರಿಸಿ ದುಡಿದು, ವಿದ್ಯುತ್ ಪ್ರವಾಹಗಳ ನಡುವಿನ ಬಲದ ಪೂರ್ಣ ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ನಂತರದ ಕಾಲದ ಮ್ಯಾಕ್ಸ್‌ವೆಲ್ ಅವರು ಇವರನ್ನು ನ್ಯೂಟನ್ನರಿಗೆ ಹೋಲಿಸಿದ್ದಾರೆ.

ಒಂದು ವಾರದಲ್ಲಿ ಇಷ್ಟು ದೊಡ್ಡ ಕೆಲಸ ಹೇಗಾಯಿತು ಎಂದು ನಾನು ಸರ್ ಅವರನ್ನು ಕೇಳಿದೆ. ಅದು ಒಂದು ವಾರದ ಕೆಲಸವಲ್ಲ, ಮೂವತ್ತು ವರ್ಷ ಓದಿದ ಗಣಿತ ಆ ವಾರ ಉಪಯೋಗಕ್ಕೆ ಬಂತು ಎಂದು ಅವರು ತಿಳಿಸಿದರು.

ಒಂದು ಸಣ್ಣ ಲೆಕ್ಕ

ಸುರುಳಿಯ ಶಕ್ತಿ ಎಷ್ಟೆಂದು ನಮ್ಮ ಪಠ್ಯದ ಸೂತ್ರದಿಂದಲೇ ನೋಡಬಹುದು. 10 ಸೆಂಟಿಮೀಟರ್ ಉದ್ದದ ಕೊಳವೆಗೆ 500 ಸುತ್ತು ತಂತಿ ಸುತ್ತಿ, 2 ಆಂಪಿಯರ್ ವಿದ್ಯುತ್ ಹರಿಸಿದೆವು ಎಂದುಕೊಳ್ಳಿ. ಮೀಟರಿಗೆ 5000 ಸುತ್ತು ಆಯಿತು. ಒಳಗಿನ ಕಾಂತಕ್ಷೇತ್ರ ಸುಮಾರು 0.0126 ಟೆಸ್ಲಾ ಬರುತ್ತದೆ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ. ಅಂದರೆ ನಮ್ಮ ಸಣ್ಣ ಸುರುಳಿ ಭೂಮಿಗಿಂತ ಸುಮಾರು 300 ಪಟ್ಟು ಪ್ರಬಲ. ಒಳಗೆ ಕಬ್ಬಿಣ ಇಟ್ಟರೆ ಇನ್ನೂ ಬಹುಪಾಲು ಹೆಚ್ಚುತ್ತದೆ. ಇದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಪ್ರಮುಖರು. ಚಪ್ಪಲಿ ಹೊಲಿಯುವವರ ಬಳಿ ಕೆಲಸ ಕಲಿತು, ನಂತರ ಸೈನಿಕರಾಗಿದ್ದ ಅವರು 1825ರಲ್ಲಿ ಸುಮಾರು 200 ಗ್ರಾಂ ಕಬ್ಬಿಣಕ್ಕೆ ತಂತಿ ಸುತ್ತಿ 4 ಕಿಲೋ ತೂಕ ಎತ್ತಿ ತೋರಿಸಿದರು.

ಕಬ್ಬಿಣದ ತುಂಡನ್ನು ಸುರುಳಿಯೊಳಗೆ ಸಡಿಲವಾಗಿ ಬಿಟ್ಟು, ಹಿಂದೆ ಸ್ಪ್ರಿಂಗ್ ಇಟ್ಟರೆ ಅದೇ ಇಂದಿನ ಗಾಡಿಗಳ ಸೊಲೆನಾಯ್ಡ್. ವಿದ್ಯುತ್ ಬಂದಾಗ ಕಬ್ಬಿಣ ಒಳಗೆ ಎಳೆಯಲ್ಪಡುತ್ತದೆ, ನಿಂತಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿ ಇಳಿದಾಗ ಕಾರು ಸ್ಟಾರ್ಟ್ ಆಗದೆ ಟಕ್ ಟಕ್ ಎನ್ನುವುದು ಸ್ಟಾರ್ಟರಿನ ಸೊಲೆನಾಯ್ಡಿನ ಶಬ್ದ. ಗ್ಯಾಸಿನಿಂದ ಓಡುವ ಆಟೋಗಳಲ್ಲಿ ಎಂಜಿನ್ ನಿಂತಾಗ ಗ್ಯಾಸನ್ನು ತಡೆಯುವ ವಾಲ್ವು, ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತದೆ ಗೇರ್ ಬದಲಾಗದಂತೆ ಹಿಡಿಯುವ ಕೊಂಡಿ, ಇವೆಲ್ಲ ಇದೇ ಸುರುಳಿಯ ಕೆಲಸ.

ಬ್ರೇಕಿನೊಳಗಿನ ಸುರುಳಿ

ಈಗ ಅಣ್ಣನ ಬೈಕಿಗೆ ಬರೋಣ. ಉರುಳುವ ಟೈರಿಗೆ ರಸ್ತೆಯ ಹಿಡಿತ ಚೆನ್ನಾಗಿರುತ್ತದೆ. ಚಕ್ರ ಲಾಕ್ ಆಗಿ ಟೈರ್ ಜಾರತೊಡಗಿದರೆ ಹಿಡಿತ ಕಡಿಮೆಯಾಗುತ್ತದೆ, ಹ್ಯಾಂಡಲ್ ಮಾತು ಕೇಳುವುದಿಲ್ಲ. ಸ್ಥಾಯಿ ಘರ್ಷಣೆಗಿಂತ ಚಲನ ಘರ್ಷಣೆ ಕಡಿಮೆ ಎಂದು ನಾವು ಪ್ರಥಮ ಪಿಯುಸಿಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಅಣ್ಣ ಅದನ್ನು ರಸ್ತೆಯ ಮೇಲೆ ಕಲಿತ.

ಎಬಿಎಸ್ ವ್ಯವಸ್ಥೆಯಲ್ಲಿ ಚಕ್ರದ ಬಳಿ ಒಂದು ಸೆನ್ಸರ್ ಇರುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಅದು ಸಣ್ಣ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಎರಡು ಸೊಲೆನಾಯ್ಡ್ ವಾಲ್ವುಗಳಿಗೆ ವಿದ್ಯುತ್ ಕೊಡುತ್ತದೆ. ಮೊದಲನೆಯದು ಮುಚ್ಚಿಕೊಂಡು, ನಾವು ಎಷ್ಟೇ ಬಿಗಿಯಾಗಿ ಒತ್ತಿದರೂ ಬ್ರೇಕ್ ಆಯಿಲಿನ ಒತ್ತಡ ಚಕ್ರಕ್ಕೆ ಮತ್ತೆ ಹೋಗದಂತೆ ತಡೆಯುತ್ತದೆ. ಎರಡನೆಯದು ತೆರೆದುಕೊಂಡು ಸ್ವಲ್ಪ ಒತ್ತಡವನ್ನು ಹೊರಬಿಡುತ್ತದೆ. ಚಕ್ರ ಮತ್ತೆ ಉರುಳುತ್ತದೆ, ಒತ್ತಡ ಮತ್ತೆ ಹೋಗುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಸಲ ನಡೆಯುತ್ತದೆ. ಯಾವ ಮನುಷ್ಯನ ಕೈಗೂ ಆ ವೇಗ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಸಂಗತಿ ಇನ್ನೊಂದು. ವಿದ್ಯುತ್ ಇಲ್ಲದಾಗ ಮೊದಲ ವಾಲ್ವು ತೆರೆದೇ ಇರುತ್ತದೆ, ಎರಡನೆಯದು ಮುಚ್ಚಿಯೇ ಇರುತ್ತದೆ. ಆದ್ದರಿಂದ ಸುರುಳಿ ಸುಟ್ಟರೂ, ಫ್ಯೂಸ್ ಹೋದರೂ, ಸಾಧಾರಣ ಬ್ರೇಕ್ ಕೆಲಸ ಮಾಡುತ್ತಲೇ ಇರುತ್ತದೆ. ಕೆಟ್ಟಾಗ ಏನಾಗಬೇಕು ಎಂಬುದನ್ನು ಮೊದಲೇ ಯೋಚಿಸಿ ಮಾಡಿದ್ದಾರೆ.

ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಮಾದರಿಯ ದ್ವಿಚಕ್ರ ವಾಹನಗಳಿಗೆ 2018ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಯಿತು. ಅಣ್ಣನ ಬೈಕು ಅದಕ್ಕಿಂತ ಹಳೆಯದು.

ಕೊನೆಯ ದಿನಗಳು

ಆಂಪಿಯರ್ ಬಹಳ ಮರೆವಿನ ಮನುಷ್ಯರು ಎಂದು ಪ್ರಸಿದ್ಧಿ. ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಪ್ಯಾರಿಸಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಒಂದು ಲೆಕ್ಕ ಹೊಳೆಯಿತಂತೆ. ಎದುರಿಗೆ ನಿಂತಿದ್ದ ಕುದುರೆ ಗಾಡಿಯ ಕಪ್ಪು ಹಿಂಬದಿಯನ್ನೇ ಕಪ್ಪುಹಲಗೆ ಎಂದುಕೊಂಡು ಸೀಮೆಸುಣ್ಣದಿಂದ ಬರೆಯತೊಡಗಿದರಂತೆ. ಗಾಡಿ ಹೊರಟಿತು, ಇವರು ಲೆಕ್ಕದ ಹಿಂದೆ ಓಡಿದರಂತೆ. ನಿಜವೋ ಕಟ್ಟುಕಥೆಯೋ, ಓದಿ ನಕ್ಕೆ. ಅಂದು ಗಾಡಿಯ ಹೊರಗೆ ಬರೆದ ಲೆಕ್ಕ ಇಂದು ಗಾಡಿಯ ಒಳಗೆ ಸೇರಿದೆ ಎಂದೂ ಅನ್ನಿಸಿತು.

ಜೀವನಕ್ಕಾಗಿ ಅವರು ಕೊನೆಯವರೆಗೂ ಶಾಲಾ ಕಾಲೇಜುಗಳ ತನಿಖಾಧಿಕಾರಿಯಾಗಿ ಊರೂರು ಸುತ್ತಬೇಕಾಯಿತು. ಆರೋಗ್ಯ ಕೆಟ್ಟಿತ್ತು. ಅಂಥ ಒಂದು ಪ್ರವಾಸದಲ್ಲೇ 1836ರ ಜೂನ್ 10ರಂದು ಮಾರ್ಸೇ ನಗರದಲ್ಲಿ ತೀರಿಕೊಂಡರು. ಆಗ 61 ವರ್ಷ. 1869ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸಿಗೆ ತಂದು ಮಗನ ಸಮಾಧಿಯ ಬಳಿ ಇಡಲಾಯಿತು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ವಿದ್ಯುತ್ ಪ್ರವಾಹದ ಏಕಮಾನಕ್ಕೆ ಅವರ ಹೆಸರಿಟ್ಟಿತು. ಪೋಲೆಮಿಯೂ ಹಳ್ಳಿಯ ಅವರ ಮನೆ ಈಗ ವಿದ್ಯುತ್ತಿನ ವಸ್ತುಸಂಗ್ರಹಾಲಯವಾಗಿದೆ.

ಆಂಪಿಯರ್ ಅವರಿಗೆ ಬೈಕು ಗೊತ್ತಿರಲಿಲ್ಲ, ಹೆದ್ದಾರಿ ಗೊತ್ತಿರಲಿಲ್ಲ. ಸುರುಳಿಯಿಂದ ಯಾರ ಜೀವ ಉಳಿಯುತ್ತದೆ ಎಂದು ಕೇಳಿದ್ದರೆ ಅವರ ಬಳಿ ಉತ್ತರ ಇರುತ್ತಿರಲಿಲ್ಲ. ಇದು ಯಾಕೆ ಹೀಗಾಗುತ್ತದೆ ಎಂದು ಮಾತ್ರ ಅವರು ಕೇಳಿದರು, ಉತ್ತರ ಸಿಗುವವರೆಗೆ ಬಿಡಲಿಲ್ಲ. ಇದನ್ನು ಓದಿ ಏನು ಪ್ರಯೋಜನ ಎಂದು ತರಗತಿಯಲ್ಲಿ ಗೊಣಗುವಾಗ ನಾನು ಈಗ ಚಾಚಾ ಅಂಗೈಯಲ್ಲಿಟ್ಟ ಆ ತಾಮ್ರದ ಸುರುಳಿಯನ್ನು ನೆನೆಸಿಕೊಳ್ಳುತ್ತೇನೆ.

ಕೊನೆಯದಾಗಿ ಚಾಚಾ ನಿಮಗೆಲ್ಲ ತಿಳಿಸಲು ಹೇಳಿದ ಮೂರು ಮಾತು. ಎಬಿಎಸ್ ಇರುವ ಬೈಕಿನ ಕೀ ತಿರುಗಿಸಿದಾಗ ಒಂದು ಹಳದಿ ದೀಪ ಹೊತ್ತುತ್ತದೆ. ಬೈಕು ಸ್ವಲ್ಪ ಚಲಿಸಿದ ಮೇಲೆ ಅದು ಆರಬೇಕು, ಆರದಿದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ಎಬಿಎಸ್ ಇದೆ ಎಂದು ಜೋರಾಗಿ ಓಡಿಸಬೇಡಿ. ಮಣ್ಣು, ಜಲ್ಲಿ ಇರುವಲ್ಲಿ ಗಾಡಿ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗಬಹುದು. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವರು ಹಂಗಾಮು ಶುರುವಾಗುವ ಮೊದಲು ಟ್ರೇಲರಿನ ಹಿಂದೆ ಕೆಂಪು ಹೊಳೆಯುವ ಪಟ್ಟಿಯನ್ನಾದರೂ ಅಂಟಿಸಿ.

ಅಣ್ಣ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ರಾತ್ರಿ ಅವನ ಬೈಕಿನ ಸದ್ದು ಕೇಳುವವರೆಗೆ ಅಮ್ಮಿ ಬಾಗಿಲಲ್ಲೇ ಇರುತ್ತಾರೆ.